ಎಲ್ ಫಾಶರ್ ಸುದ್ದಿ ಯಾರ ಬಾಯಿಂದ?

ನಮ್ಮವರು ಸಿಕ್ಕಿಕೊಂಡಾಗ ಸುಡಾನ್ ಮುಖಪುಟಕ್ಕೆ ಬಂತು. ನಮ್ಮವರು ವಿಮಾನ ಇಳಿದ ಮೇಲೆ ಸುಡಾನ್ ಪುಟದಿಂದಲೇ ಇಳಿದುಹೋಯಿತು. ಆಫ್ರಿಕಾದ ಯುದ್ಧಗಳನ್ನು ಕನ್ನಡದ ಓದುಗನಿಗೆ ಹೇಳುತ್ತಿರುವವರು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆ? ಎರಡು ದಶಕ ಇನ್ನೊಬ್ಬರ ಲೇಖನಿಗೆ ಸಿಕ್ಕಿ ನೊಂದ ಕಾಫಿ ಸೀಮೆಗೆ ಈ ಪ್ರಶ್ನೆ ಕೇಳುವ ಹಕ್ಕಿದೆ.

2023ರ ಏಪ್ರಿಲ್. ಸುಡಾನ್‌ನ ಪಶ್ಚಿಮದ ಡಾರ್ಫರ್ ಸೀಮೆಯ ಊರು ಎಲ್ ಫಾಶರ್. ಬಾಡಿಗೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತ ಗಂಡಸರು, ಹೆಂಗಸರು. ಹೊರಗೆ ಗುಂಡಿನ ಸದ್ದು. ನೀರು ತರಲು ಹೊಸಿಲು ದಾಟುವಂತಿಲ್ಲ. ತಂದಿಟ್ಟ ದಿನಸಿ ಮುಗಿಯುತ್ತಿದೆ. ಮೊಬೈಲಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಅವರು ಊರಿಗೆ ಮಾತಾಡುತ್ತಿದ್ದಾರೆ, ವಿಡಿಯೊ ಕಳಿಸುತ್ತಿದ್ದಾರೆ, ಹೇಗಾದರೂ ಮಾಡಿ ಕರೆಸಿಕೊಳ್ಳಿ ಎಂದು ಕೇಳುತ್ತಿದ್ದಾರೆ.

ಮೈಸೂರು, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಹಕ್ಕಿಪಿಕ್ಕಿಗಳು ಅವರು. ಹಕ್ಕಿ ಹಿಡಿಯುವ ಕಸುಬು ಕಾನೂನಿನಿಂದ ನಿಂತ ಮೇಲೆ ಬೇರು, ಸೊಪ್ಪು, ತಲೆಗೂದಲಿನ ಎಣ್ಣೆ ಮಾರುತ್ತ ಸಮುದ್ರ ದಾಟಿ ಹೋದವರು. ರಾಜಧಾನಿ ಖಾರ್ಟೂಮ್‌ನಿಂದ ಸುಮಾರು 800 ಕಿಲೋಮೀಟರ್ ದೂರದ ಡಾರ್ಫರ್‌ನ ಸಂತೆಗಳಲ್ಲಿ ವ್ಯಾಪಾರ ಮಾಡಿ ಬಲ್ಲ ಕನ್ನಡಿಗರು ಯಾರಾದರೂ ಇದ್ದರೆ ಅವರೇ.

ಏಪ್ರಿಲ್ 15ರಂದು ಸುಡಾನ್ ಸೇನೆಗೂ ಅರೆಸೇನಾ ಪಡೆ ಆರ್‌ಎಸ್‌ಎಫ್‌ಗೂ ಯುದ್ಧ ಹತ್ತಿಕೊಂಡಿತ್ತು. 18ರಂದು, ಆಗ ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು: ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಸುಡಾನ್‌ನಲ್ಲಿ ಸಿಕ್ಕಿಕೊಂಡಿದ್ದಾರೆ, ಕೇಂದ್ರ ಕೂಡಲೇ ಕರೆತರಬೇಕು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅದಕ್ಕೆ ಖಾರವಾಗಿ ಉತ್ತರಿಸಿದರು. ಜೀವಗಳು ಅಪಾಯದಲ್ಲಿರುವಾಗ ರಾಜಕೀಯ ಬೇಡ ಎಂದರು. ವಿಧಾನಸಭೆಯ ಮತದಾನ ಮೇ 10ಕ್ಕೆ. ಅಲ್ಲಿಂದ ಮುಂದೆ ಸುಡಾನ್ ಯುದ್ಧ ಕರ್ನಾಟಕದ ಚುನಾವಣಾ ಸುದ್ದಿಯಾಯಿತು.

ಸಿಕ್ಕಿಕೊಂಡ ಭಾರತೀಯರನ್ನು ಕರೆತರಲು ‘ಆಪರೇಷನ್ ಕಾವೇರಿ’ ಶುರುವಾಯಿತು. ಪೋರ್ಟ್ ಸುಡಾನ್‌ನಿಂದ ನೌಕಾಪಡೆಯ ಹಡಗು, ಜೆದ್ದಾದಿಂದ ವಿಮಾನ. ಏಪ್ರಿಲ್ 28ರಂದು 362 ಜನರನ್ನು ಹೊತ್ತ ವಿಮಾನ ಬೆಂಗಳೂರಿಗೆ ಬಂತು. ಅವರಲ್ಲಿ ಹಕ್ಕಿಪಿಕ್ಕಿಗಳೇ ಬಹಳ. ಮೇ 7ರಂದು ಶಿವಮೊಗ್ಗಕ್ಕೆ ಪ್ರಚಾರಕ್ಕೆ ಬಂದ ಪ್ರಧಾನಿ ಅವರನ್ನು ಭೇಟಿಯಾದರು. ಒಟ್ಟು 3,862 ಜನರನ್ನು ಕರೆತಂದು ಕಾರ್ಯಾಚರಣೆ ಮುಗಿಯಿತು.

ಅಷ್ಟೂ ಜನ ಜೀವಂತ ಬಂದದ್ದು ದೊಡ್ಡ ಸಂಗತಿ. ಆ ದಿನಗಳಲ್ಲಿ ರಾತ್ರಿಹಗಲು ಕರೆ ಮಾಡಿ, ಅವರ ದನಿಯನ್ನು ಪತ್ರಿಕೆಗೂ ಟೀವಿಗೂ ತಂದ ವರದಿಗಾರರ ಕೆಲಸವನ್ನು ಕಡಿಮೆ ಎನ್ನಲಾರೆ. ಆ ವರದಿಗಳಿಲ್ಲದಿದ್ದರೆ ಒತ್ತಡವೂ ಇರುತ್ತಿರಲಿಲ್ಲ. ನನ್ನ ತಕರಾರು ಆಮೇಲಿನದು.

ವಿಮಾನ ಇಳಿದ ಮೇಲೆ

ಬಂದವರನ್ನು ಕೇಳಿದ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಎಷ್ಟು ದಿನ ಉಪವಾಸ ಇದ್ದಿರಿ, ಬಸ್ಸಿಗೆ ಎಷ್ಟು ಕೊಟ್ಟಿರಿ, ಯಾವ ಸರ್ಕಾರ ಸಹಾಯ ಮಾಡಿತು, ಮತ್ತೆ ಹೋಗುತ್ತೀರಾ. ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ನಾನು ಓದಿದ ವರದಿಗಳಲ್ಲಿ ಎಲ್ ಫಾಶರ್ ಎಂಥ ಊರು, ನಿಮ್ಮ ಎಣ್ಣೆ ಕೊಳ್ಳುತ್ತಿದ್ದವರು ಯಾರು, ಬಾಡಿಗೆ ಮನೆಯ ಮಾಲೀಕ ಎಲ್ಲಿ ಹೋದ, ಪಕ್ಕದ ಮನೆಯವರಿಗೆ ಏನಾಯಿತು ಎಂಬ ಪ್ರಶ್ನೆ ಕಾಣಲಿಲ್ಲ. ಕನ್ನಡ ಪತ್ರಿಕೋದ್ಯಮಕ್ಕೆ ಡಾರ್ಫರ್‌ನ ನೆಲ ತುಳಿದ ಸಾಕ್ಷಿಗಳು ಮನೆಬಾಗಿಲಲ್ಲೇ ಸಿಕ್ಕಿದ್ದರು. ಅವರನ್ನು ಪಾರಾಗಿ ಬಂದವರೆಂದು ನೋಡಿದೆವು, ಕಂಡು ಬಂದವರೆಂದು ನೋಡಲಿಲ್ಲ.

ಅವರು ಬಿಟ್ಟು ಬಂದ ಊರಿಗೆ ಆಮೇಲೆ ಆದದ್ದು ಇದು. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಎಲ್ ಫಾಶರ್‌ಗೆ ಮುತ್ತಿಗೆ ಹಾಕಿತು. ಆ ಆಗಸ್ಟ್‌ನಲ್ಲಿ ಊರ ಪಕ್ಕದ ಝಂಝಂ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಬಂದಿದೆಯೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಘೋಷಿಸಿತು. 2025ರ ಏಪ್ರಿಲ್‌ನಲ್ಲಿ ಆ ಶಿಬಿರದ ಮೇಲೆಯೇ ದಾಳಿ ನಡೆಯಿತು. ಸುಮಾರು ಹದಿನೆಂಟು ತಿಂಗಳ ಮುತ್ತಿಗೆಯ ನಂತರ, 2025ರ ಅಕ್ಟೋಬರ್ 26ರಂದು ಊರು ಬಿತ್ತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳೂ ಅವರ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಜನ ಹತರಾದ ವರದಿಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಅದಕ್ಕೆ ಎರಡೂವರೆ ವರ್ಷ ಮೊದಲು ನಮ್ಮ ಚುನಾವಣೆಯ ಬಾಯಲ್ಲಿ ಆಡಿದ್ದ ಅದೇ ಊರು. 31 ಮಂದಿಗೆ ಸಿಕ್ಕ ಜಾಗದ ಒಂದು ಪಾಲಾದರೂ ಈ ಸಾವುಗಳಿಗೆ ಸಿಗಬೇಕಿತ್ತು.

ಬಾಕ್ಸ್: ಸುಡಾನ್ ಹೀಗೆ ಹೊತ್ತಿತು

2003: ಡಾರ್ಫರ್‌ನಲ್ಲಿ ದಂಗೆ. ಅದನ್ನು ಹತ್ತಿಕ್ಕಲು ಸರ್ಕಾರ ‘ಜಂಜವೀದ್’ ಕುದುರೆ ಪಡೆಗಳನ್ನು ಛೂ ಬಿಟ್ಟಿತು. ಮುಂದೆ ಆರ್‌ಎಸ್‌ಎಫ್ ಹುಟ್ಟಿದ್ದು ಈ ಪಡೆಗಳಿಂದಲೇ.

ಏಪ್ರಿಲ್ 2019: ಜನಾಂದೋಲನದ ನಡುವೆ ಒಮರ್ ಅಲ್ ಬಶೀರ್ ಪದಚ್ಯುತಿ.

ಅಕ್ಟೋಬರ್ 2021: ಸೇನಾ ಮುಖ್ಯಸ್ಥ ಅಬ್ದೆಲ್ ಫತ್ತಾಹ್ ಅಲ್ ಬುರ್ಹಾನ್ ಮತ್ತು ಆರ್‌ಎಸ್‌ಎಫ್ ಮುಖ್ಯಸ್ಥ ‘ಹೆಮೆತಿ’ ದಗಾಲೊ ಒಟ್ಟಾಗಿ ಕ್ಷಿಪ್ರಕ್ರಾಂತಿ.

ಏಪ್ರಿಲ್ 2023: ಆ ಇಬ್ಬರ ನಡುವೆಯೇ ಯುದ್ಧ. ಮನೆಮಾರು ಬಿಟ್ಟವರು 1.2 ಕೋಟಿಗೂ ಹೆಚ್ಚು. ಜಗತ್ತಿನ ಅತಿ ದೊಡ್ಡ ಸ್ಥಳಾಂತರದ ದುರಂತ ಇದೆಂದು ವಿಶ್ವಸಂಸ್ಥೆ ಹೇಳುತ್ತದೆ.

ಕಣದ ಬದಿಯ ಪೇಪರು

ಎಲ್ ಫಾಶರ್ ಬಿದ್ದ ವಾರಗಳಲ್ಲೇ ನಮ್ಮ ಕಡೆ ಅರೇಬಿಕಾ ಹಣ್ಣಾಗುವುದು. ಚಿಕ್ಕಮಗಳೂರಿನಿಂದ ಮೂಡಿಗೆರೆ, ಅಲ್ಲಿಂದ ಕಳಸದವರೆಗೆ ಆ ಹೊತ್ತಿಗೆ ಎಲ್ಲರ ಚಿಂತೆ ಒಂದೇ: ಆಳು, ಮಳೆ, ರೇಟು. ಕಣದಲ್ಲಿ ಕಾಫಿ ಹರಡಿ, ಮೋಡ ನೋಡುತ್ತ, ಪೇಪರು ಬಿಡಿಸಿದರೆ ಕಣ್ಣು ಹೋಗುವುದು ಪಾರ್ಚ್‌ಮೆಂಟು, ಚೆರ್ರಿಗಳ 50 ಕೆ.ಜಿ. ಚೀಲದ ಬೆಲೆಗೆ. ಆಫ್ರಿಕಾದ ಸುದ್ದಿ ನಮಗೆ ಬರುವುದೂ ಆ ಬಾಗಿಲಿಂದಲೇ. ಇಥಿಯೋಪಿಯಾದಲ್ಲಿ ಬೆಳೆ ಹೇಗಿದೆ, ಉಗಾಂಡದ ರೊಬಸ್ಟಾ ಎಷ್ಟು ಬಂತು, ಲಂಡನ್ ಮಾರುಕಟ್ಟೆ ಏನೆನ್ನುತ್ತದೆ.

ಬೆಳೆಗಾರ ಬೆಲೆ ನೋಡುವುದರಲ್ಲಿ ತಪ್ಪೇನಿಲ್ಲ. ವರ್ಷದ ಅನ್ನ ಅದರಲ್ಲಿದೆ. ಆದರೆ ಒಂದು ಖಂಡದ ಸುದ್ದಿ ಬೆಲೆಪಟ್ಟಿಯ ಮೂಲಕ ಮಾತ್ರ ಬಂದಾಗ ಏನು ಜಾರಿಹೋಗುತ್ತದೆ ಎಂಬುದಕ್ಕೆ ಟಿಗ್ರೆ ಸಾಕ್ಷಿ. 2020ರ ನವೆಂಬರ್‌ನಿಂದ 2022ರ ನವೆಂಬರ್‌ವರೆಗೆ ಇಥಿಯೋಪಿಯಾದ ಉತ್ತರದ ಆ ಸೀಮೆಯಲ್ಲಿ ಘೋರ ಯುದ್ಧ ನಡೆಯಿತು. ಆದರೆ ಆ ದೇಶದ ಕಾಫಿ ಬೆಳೆಯುವುದು ದಕ್ಷಿಣ, ನೈಋತ್ಯದ ಸಿಡಾಮಾ, ಜಿಮ್ಮಾ, ಕಾಫಾಗಳಲ್ಲಿ. ಗುಂಡು ಹಾರುತ್ತಿದ್ದದ್ದು ಕಾಫಿ ಗಿಡಗಳಿಂದ ನೂರಾರು ಕಿಲೋಮೀಟರ್ ಆಚೆ. ಹಾಗಾಗಿ ಕಾಫಿ ಪುಟ ಓದುವವನಿಗೆ ಆ ಯುದ್ಧ ಸರಿಯಾಗಿ ಕಾಣಲೇ ಇಲ್ಲ.

ಕಾಣದಿರಲು ಇನ್ನೊಂದು ಕಾರಣವನ್ನು ಬೇಕೆಂದೇ ಸೃಷ್ಟಿಸಲಾಗಿತ್ತು. ಟಿಗ್ರೆಯ ಫೋನು, ಇಂಟರ್‌ನೆಟ್ ಕಡಿದುಹಾಕಲಾಗಿತ್ತು. ಪತ್ರಕರ್ತರಿಗೆ ತಿಂಗಳುಗಟ್ಟಲೆ ಪ್ರವೇಶವಿರಲಿಲ್ಲ. ಸತ್ತವರು ಸುಮಾರು 6 ಲಕ್ಷವಿರಬಹುದು ಎಂದು ಆಫ್ರಿಕನ್ ಒಕ್ಕೂಟದ ಸಂಧಾನಕಾರ ಒಲುಸೆಗುನ್ ಒಬಸಾಂಜೊ ಯುದ್ಧ ಮುಗಿದ ಮೇಲೆ ಹೇಳಿದರು. ನಮ್ಮ ಕಾಫಿ ಗಿಡದ ತವರು ಇಥಿಯೋಪಿಯಾ. ಬಾಬಾ ಬುಡನ್ ಯೆಮನ್‌ನಿಂದ ಬೀಜ ತಂದ ಕಥೆಯನ್ನು ಪ್ರವಾಸಿಗರಿಗೆಲ್ಲ ಹೇಳುವ ನಾವು, ಆ ಬೀಜದ ಮೂಲ ನೆಲದ ಆರು ಲಕ್ಷ ಸಾವಿನ ಅಂದಾಜನ್ನು ಓದಿದ್ದೆವೇ?

ಓದುವ ಹಸಿವಿಲ್ಲ ಎಂದು ಯಾರೂ ಹೇಳದಿರಲಿ. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಮಿಲೆನಿಯಂ ಸರಣಿಯಲ್ಲಿ ಜಗತ್ತಿನ ಕಥೆಗಳನ್ನು ಕನ್ನಡಕ್ಕೆ ತಂದಾಗ ಕನ್ನಡದ ಹುಡುಗರು ಅವನ್ನು ಕಿತ್ತಾಡಿ ಓದಿದರು. ದೂರದ ಊರಿನ ಕಥೆ ಕನ್ನಡಿಗನಿಗೆ ಬೇಡ ಎಂಬ ಮಾತು ಪತ್ರಿಕೆಯ ಮೇಜಿನಲ್ಲಿ ಹುಟ್ಟಿದ್ದು, ಓದುಗನ ಮನೆಯಲ್ಲಿ ಹುಟ್ಟಿದ್ದಲ್ಲ.

ನಮ್ಮ ಕಾಡಿನ ಪಾಠ

ಈ ಮಾತನ್ನು ಕಾಫಿ ಸೀಮೆಯಿಂದಲೇ ಹೇಳಲು ಕಾರಣವಿದೆ. ನಕ್ಸಲರಿಗೂ ಪೊಲೀಸರಿಗೂ ನಡೆದ ಕಾಳಗದ ಸುದ್ದಿಯಲ್ಲಿ ನಮ್ಮ ಕಾಡೂ ಸಿಕ್ಕಿಕೊಂಡಿತ್ತು.

2003ರ ನವೆಂಬರ್‌ನಲ್ಲಿ ಘಟ್ಟದ ಕೆಳಗಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿ 6ರಂದು ಮೆಣಸಿನಹಾಡ್ಯದ ಕಡೆಯ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. ದೆಹಲಿಯಲ್ಲಿ ಪತ್ರಿಕೋದ್ಯಮ ಓದಿ ಬಂದೂಕು ಹಿಡಿದವರು ಅವರು. 2007ರ ಜುಲೈನಲ್ಲಿ ಮೆಣಸಿನಹಾಡ್ಯದ ಹತ್ತಿರವೇ ಇನ್ನೊಂದು ಎನ್‌ಕೌಂಟರ್. ಸತ್ತವರಲ್ಲಿ ಆದಿವಾಸಿ ದಂಪತಿಯೂ ಇದ್ದರು. 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಹತ್ಯೆ. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿಯ ಶರಣಾಗತಿ. ಚಿಕ್ಕಮಗಳೂರಿನಲ್ಲಿ ನಡೆಯಬೇಕಿದ್ದ ಅದು ಕೊನೆಗೆ ಬೆಂಗಳೂರಿನ ಮುಖ್ಯಮಂತ್ರಿಗಳ ಗೃಹ ಕಚೇರಿಯಲ್ಲಿ ನಡೆಯಿತು.

ಪ್ರತಿ ಎನ್‌ಕೌಂಟರ್‌ನ ಮೊದಲ ಗಂಟೆಗಳಲ್ಲಿ ಸುದ್ದಿಗೆ ಬಾಯಿ ಒಂದೇ, ಪೊಲೀಸರದು. ಎರಡು ದಿನ ಬಿಟ್ಟು ಇನ್ನೊಂದು ಕಡೆಯಿಂದ ಕರಪತ್ರವೋ ಗೋಡೆಬರಹವೋ ಬರುತ್ತಿತ್ತು. ನಡುವೆ ಇದ್ದ ಗೌಡ್ಲು, ಮಲೆಕುಡಿಯ ಮನೆಗಳ ಮಾತು ಬರುವಷ್ಟರಲ್ಲಿ ಪತ್ರಿಕೆಗೆ ಬೇರೆ ಸುದ್ದಿ ಸಿಕ್ಕಿರುತ್ತಿತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ, ಬಾರದ ಹಕ್ಕುಪತ್ರ, ಮಳೆಗಾಲಕ್ಕೆ ಕೊಚ್ಚಿಹೋಗುವ ಕಾಲುಸಂಕ: ಜನ ಮಾತಾಡುತ್ತಿದ್ದದ್ದು ಇವನ್ನು. ಅಚ್ಚಾಗುತ್ತಿದ್ದದ್ದು ಕೂಂಬಿಂಗ್. ಊರ ಹೆಸರಿನ ಹಿಂದೆ ‘ನಕ್ಸಲ್‌ಪೀಡಿತ’ ಎಂಬುದು ಅಂಟಿಕೊಂಡು ವರ್ಷಗಟ್ಟಲೆ ಬಿಡಲಿಲ್ಲ.

ಪತ್ರಕರ್ತರಿಗೂ ಅದು ಸುಲಭದ ಕಾಲವಾಗಿರಲಿಲ್ಲ. 2004ರಲ್ಲಿ ಗೌರಿ ಲಂಕೇಶ್ ಮತ್ತು ಕೆಲವು ಪತ್ರಕರ್ತರು ಕಾಡಿಗೆ ಹೋಗಿ ಸಾಕೇತ್ ರಾಜನ್ ಅವರನ್ನು ಕಂಡು ಮಾತಾಡಿ ಬಂದರು. ಬಂದೂಕು ಹಿಡಿದವನ ಮಾತು ಕೇಳುವುದು ಪತ್ರಕರ್ತನ ಕೆಲಸವೇ, ಅವನಿಗೆ ವೇದಿಕೆ ಕೊಟ್ಟಂತೆಯೇ ಎಂಬ ಜಗಳ ಅಲ್ಲಿಂದ ಶುರುವಾಯಿತು. ಮರುವರ್ಷದ ಫೆಬ್ರುವರಿಯಲ್ಲಿ, ಪೊಲೀಸರ ಮೇಲಿನ ನಕ್ಸಲ್ ದಾಳಿಯ ಕುರಿತ ವರದಿಯೊಂದನ್ನು ಪ್ರಕಟಿಸುವ ವಿಷಯಕ್ಕೆ ಲಂಕೇಶ್ ಪತ್ರಿಕೆಯೊಳಗೇ ಬಿರುಕು ಬಿತ್ತು. ವರದಿಯನ್ನು ಗೌರಿಯವರ ತಮ್ಮ ಇಂದ್ರಜಿತ್ ಲಂಕೇಶ್ ಹಿಂತೆಗೆದರು. ಅಕ್ಕ ನಕ್ಸಲ್ ಪರ ಎಂದು ಆರೋಪಿಸಿದರು. ಗೌರಿ ಅದನ್ನು ನಿರಾಕರಿಸಿ ಹೊರಬಂದು ಬೇರೆ ಪತ್ರಿಕೆ ಕಟ್ಟಿದರು.

ಆ ಜಗಳದಲ್ಲಿ ಯಾರು ಸರಿ ಎಂಬುದನ್ನು ಓದುಗರು ತಂತಮ್ಮ ನಿಲುವಿನಂತೆ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಹೋಗಿ ನೋಡಿ ಕೇಳಿ ಬಂದವರ ವರದಿಯನ್ನು ಒಪ್ಪಬಹುದು, ಬೈಯಬಹುದು, ಪರೀಕ್ಷೆ ಮಾಡಬಹುದು. ಬೆಂಗಳೂರಿನ ಮೇಜಿನಲ್ಲಿ ಹೇಳಿಕೆಗೆ ಹೇಳಿಕೆ ಹೊಲಿದ ವರದಿಯಲ್ಲಿ ಪರೀಕ್ಷೆಗೆ ಏನೂ ಉಳಿದಿರುವುದಿಲ್ಲ.

ಇನ್ನೊಂದನ್ನು ನಮ್ಮ ತಾಲ್ಲೂಕು ವರದಿಗಾರರು ಯಾವ ತರಗತಿಗೂ ಹೋಗದೆ ಕಲಿತರು. ಕಾಡಂಚಿನ ಮನೆಯವನ ಹೆಸರನ್ನು ಅಚ್ಚು ಹಾಕಿದರೆ ಬೆಳಿಗ್ಗೆ ಪೊಲೀಸರು, ರಾತ್ರಿ ಇನ್ನೊಬ್ಬರು ಅವನ ಬಾಗಿಲು ತಟ್ಟಬಹುದು. ಹೆಸರು ಮರೆಮಾಡಿ, ಮಾತನ್ನು ಮಾತ್ರ ಉಳಿಸುವುದು ಹೇಗೆಂದು ಅವರಿಗೆ ಗೊತ್ತು. ಡಾರ್ಫರ್‌ನ ವರದಿಗಾರ ಮಾಡುತ್ತಿರುವುದೂ ಇದನ್ನೇ, ಇದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಅಪಾಯದಲ್ಲಿ.

ಗುಡ್ಡದ ಗೆರೆ ಹೇಳಿದ ಸತ್ಯ

ದೂರದಲ್ಲಿ ಕೂತು ಪ್ರಾಮಾಣಿಕ ವರದಿ ಮಾಡಲು ಸಾಧ್ಯವೇ ಇಲ್ಲವೇ? ಸಾಧ್ಯ. ಅದಕ್ಕೆ ನನಗೆ ಮತ್ತೆ ಮತ್ತೆ ನೆನಪಾಗುವುದು ಕ್ಯಾಮರೂನ್.

2018ರ ಜುಲೈನಲ್ಲಿ ಒಂದು ವಿಡಿಯೊ ಹರಿದಾಡಿತು. ಸಮವಸ್ತ್ರದ ಸೈನಿಕರು ಇಬ್ಬರು ಹೆಂಗಸರನ್ನು, ಇಬ್ಬರು ಮಕ್ಕಳನ್ನು ಮಣ್ಣುದಾರಿಯಲ್ಲಿ ನಡೆಸಿಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ, ಗುಂಡು ಹೊಡೆಯುತ್ತಾರೆ. ಒಂದು ಮಗು ತಾಯಿಯ ಬೆನ್ನಲ್ಲಿದೆ. ಇದು ನಮ್ಮ ದೇಶವಲ್ಲ, ಸುಳ್ಳು ಸುದ್ದಿ ಎಂದು ಕ್ಯಾಮರೂನ್‌ನ ಸಂವಹನ ಸಚಿವರು ತಳ್ಳಿಹಾಕಿದರು.

ಬಿಬಿಸಿಯ ‘ಆಫ್ರಿಕಾ ಐ’ ತಂಡ ಆ ಚಿತ್ರದ ಹಿನ್ನೆಲೆಯನ್ನು ನೋಡಿತು. ದೂರದಲ್ಲಿ ಒಂದು ಬೆಟ್ಟದ ಸಾಲಿತ್ತು. ಕಳಸದವನಿಗೆ ಮೇರ್ತಿ ಗುಡ್ಡದ ಅಂಚು ಕಂಡರೆ ತಾನು ಎಲ್ಲಿದ್ದೇನೆಂದು ಹೇಗೆ ತಿಳಿಯುತ್ತದೋ ಹಾಗೆ, ಕ್ಯಾಮರೂನ್‌ನ ಒಬ್ಬ ಮಾಹಿತಿದಾರ ಸೂಚಿಸಿದ ಸೀಮೆಯಲ್ಲಿ ಆ ಬೆಟ್ಟದ ಏರಿಳಿತದ ಗೆರೆಯನ್ನು ಉಪಗ್ರಹ ಚಿತ್ರಗಳಲ್ಲಿ ಹುಡುಕಿದರು. ದೇಶದ ಉತ್ತರ ತುದಿಯ ಝೆಲೆವೆಟ್ ಎಂಬ ಹಳ್ಳಿಯ ಬಳಿ ಗೆರೆಗೆ ಗೆರೆ ಕೂಡಿತು. ಕಟ್ಟಡ, ಮರ, ಕಾಲುದಾರಿ ಒಂದೊಂದಾಗಿ ಹೊಂದಿಸಿದರು. ಸೈನಿಕರ ನೆರಳು ಬಿದ್ದ ಕೋನದಿಂದ ಕಾಲ ಲೆಕ್ಕ ಹಾಕಿದರು: 2015ರ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ. ಬಂದೂಕಿನ ಮಾದರಿಯೂ ಕ್ಯಾಮರೂನ್ ಸೇನೆಯತ್ತಲೇ ಬೆರಳು ಮಾಡಿತು.

2018ರ ಸೆಪ್ಟೆಂಬರ್‌ನಲ್ಲಿ ತನಿಖೆ ಪ್ರಸಾರವಾಯಿತು. ಅಷ್ಟರಲ್ಲಿ ಸರ್ಕಾರ ಮಾತು ಬದಲಿಸಿ ಏಳು ಸೈನಿಕರನ್ನು ಬಂಧಿಸಿತ್ತು. 2020ರಲ್ಲಿ ಸೇನಾ ನ್ಯಾಯಾಲಯ ನಾಲ್ವರಿಗೆ ತಲಾ 10 ವರ್ಷ ಜೈಲು ವಿಧಿಸಿತು.

ಈ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಅದರ ತಾಳ್ಮೆ. ಸಚಿವರು ಅಲ್ಲಗಳೆದರು, ವಿರೋಧಿಗಳು ಆರೋಪಿಸಿದರು ಎಂದು ಎರಡು ಸಾಲು ಬರೆದು ‘ಎರಡೂ ಕಡೆ’ಯ ಲೆಕ್ಕ ಮುಗಿಸಬಹುದಿತ್ತು. ಅವರು ಮುಗಿಸಲಿಲ್ಲ. ಹೇಗೆ ಕಂಡುಹಿಡಿದೆವೆಂಬುದನ್ನೂ ವೀಕ್ಷಕನ ಮುಂದೆ ಬಿಚ್ಚಿಟ್ಟರು, ಬೇಕಾದರೆ ನೀನೇ ಪರೀಕ್ಷಿಸು ಎಂಬಂತೆ.

ಬಾಕ್ಸ್: ರೇಡಿಯೊ ಆಯುಧವಾದಾಗ

1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ರುವಾಂಡದಲ್ಲಿ 8 ಲಕ್ಷದಷ್ಟು ಜನರ ಕೊಲೆಯಾಯಿತು, ಬಹುಪಾಲು ಟುಟ್ಸಿಗಳು. ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ ಟುಟ್ಸಿಗಳನ್ನು ‘ಜಿರಳೆ’ಗಳೆಂದು ಕರೆದು, ಕೊಲ್ಲಬೇಕಾದವರ ಹೆಸರುಗಳನ್ನು ಗಾಳಿಗೆ ಬಿಟ್ಟಿತು. 2003ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊದ ಇಬ್ಬರು ಸ್ಥಾಪಕರನ್ನೂ ‘ಕಂಗುರಾ’ ಪತ್ರಿಕೆಯ ಸಂಪಾದಕ ಹಸನ್ ನ್ಗೆಜೆಯನ್ನೂ ತಪ್ಪಿತಸ್ಥರೆಂದು ತೀರ್ಪು ಕೊಟ್ಟಿತು.

ಸಂಖ್ಯೆ, ಚಿನ್ನ, ಒಂದು ರಸ್ತೆ

ಸುಡಾನ್‌ನಲ್ಲಿ ಎಷ್ಟು ಜನ ಸತ್ತರು? ಒಂದು ವರದಿಯಲ್ಲಿ 20 ಸಾವಿರ, ಇನ್ನೊಂದರಲ್ಲಿ ಒಂದೂವರೆ ಲಕ್ಷ. ಅಮೆರಿಕದ ಆಗಿನ ವಿಶೇಷ ರಾಯಭಾರಿಯೇ ಒಂದೂವರೆ ಲಕ್ಷದವರೆಗೂ ಇರಬಹುದು ಎಂದಿದ್ದರು. ಆಸ್ಪತ್ರೆಗಳು ಮುಚ್ಚಿ, ದಾಖಲೆ ಬರೆಯುವವರೇ ಓಡಿಹೋದ ದೇಶದಲ್ಲಿ ಲೆಕ್ಕ ಹೀಗೆ ಹಿಗ್ಗುವುದು ಕುಗ್ಗುವುದು ಸಹಜ. ಯಾರ ಅಂದಾಜು, ಎಂದಿನದು ಎಂದು ಬರೆಯದೆ ಒಂದು ಅಂಕಿಯನ್ನು ಶೀರ್ಷಿಕೆಗೆ ಏರಿಸುವುದು ಮಾತ್ರ ಸಹಜವಲ್ಲ.

ಆಯುಧ ಎಲ್ಲಿಂದ ಬಂತು ಎಂಬ ಪ್ರಶ್ನೆಗೂ ಇದೇ ಎಚ್ಚರ ಬೇಕು. ಸಂಯುಕ್ತ ಅರಬ್ ಎಮಿರೇಟ್ಸ್ ಆರ್‌ಎಸ್‌ಎಫ್‌ಗೆ ಆಯುಧ ಒದಗಿಸಿತೆಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರ ತಂಡ 2024ರ ಆರಂಭದ ವರದಿಯಲ್ಲಿ ಹೇಳಿತು. ಎಮಿರೇಟ್ಸ್ ಅದನ್ನು ನಿರಾಕರಿಸುತ್ತದೆ. ಸುಡಾನ್‌ನ ಚಿನ್ನದ ಬಹುಪಾಲು ಹರಿಯುವುದು ದುಬೈ ಮಾರುಕಟ್ಟೆಗೆ. ನಮ್ಮ ಜಿಲ್ಲೆಯ, ಘಟ್ಟದ ಕೆಳಗಿನ ಎಷ್ಟೋ ಮನೆಗಳ ಮಕ್ಕಳು ದುಬೈನಲ್ಲಿ ದುಡಿಯುತ್ತಿದ್ದಾರೆ, ಎಷ್ಟೋ ಮದುವೆಯ ಚಿನ್ನ ಅಲ್ಲಿಂದ ಬರುತ್ತದೆ. ಡಾರ್ಫರ್ ನಮಗೆ ಸಂಬಂಧಿಸಿದ್ದಲ್ಲ ಎಂದು ಹೇಳುವ ಮುನ್ನ ಸಂಪಾದಕರು ಇದನ್ನೊಮ್ಮೆ ಯೋಚಿಸಲಿ.

ಇನ್ನು ಬೆಂಗಳೂರಿನದೇ ಘಟನೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ಕಡೆಯ ರಸ್ತೆಯಲ್ಲಿ ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಖಾರ್ಟೂಮ್‌ಗೂ ದಾರ್ ಎಸ್ ಸಲಾಮ್‌ಗೂ ಇರುವ ದೂರ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಆ ಗುಂಪಿನ ಕಣ್ಣಿಗೆ ಇಬ್ಬರೂ ಒಂದೇ. ಐವತ್ತಕ್ಕೂ ಹೆಚ್ಚು ದೇಶಗಳನ್ನು ಒಂದೇ ಮುಖ ಮಾಡಿ ತೋರಿಸುತ್ತ ಬಂದ ಸುದ್ದಿಗೆ ಆ ರಾತ್ರಿಯಲ್ಲಿ ಪಾಲಿಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮಾಡಬಹುದಾದದ್ದು

ಕನ್ನಡ ಪತ್ರಿಕೆಗಳು ಆಫ್ರಿಕಾದಲ್ಲಿ ವರದಿಗಾರರನ್ನು ಇಡುವ ಸ್ಥಿತಿಯಲ್ಲಿಲ್ಲ. ಬರುವುದು ಪಿಟಿಐ, ರಾಯಿಟರ್ಸ್, ಎಎಫ್‌ಪಿಗಳ ಪ್ರತಿ. ಅದನ್ನು ಆರು ಇಂಚಿಗೆ ಇಳಿಸುವಾಗ ಮೊದಲು ಹಾರಿಹೋಗುವುದು ಯಾರು ಹೇಳಿದರು, ಸ್ವತಂತ್ರವಾಗಿ ದೃಢಪಟ್ಟಿದೆಯೇ ಎಂಬ ಸಾಲುಗಳು. ಉಪಸಂಪಾದಕರು ಆ ಸಾಲುಗಳನ್ನು ಉಳಿಸಿ ಬೇರೆಯದನ್ನು ಕತ್ತರಿಸಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಕ್ಕಿಪಿಕ್ಕಿಗಳಿರುವ ಪಕ್ಷಿರಾಜಪುರಕ್ಕೋ ಚನ್ನಗಿರಿಯ ಹಳ್ಳಿಗಳಿಗೋ ಒಬ್ಬ ಒಳ್ಳೆಯ ವರದಿಗಾರನನ್ನು ನಾಲ್ಕು ದಿನ ಕಳಿಸಲಿ. ರಾಜಕಾರಣಿಗಳ ಹೆಸರು ಎತ್ತದೆ, ಎಲ್ ಫಾಶರ್‌ನ ಸಂತೆ, ಬೀದಿ, ನೆರೆಹೊರೆಯ ಬಗ್ಗೆ ಕೇಳಿಸಿಕೊಂಡು ಬರಲಿ. ಈಗ ಮೊದಲಿನಂತಿಲ್ಲದ ಒಂದು ಊರಿನ ವಿವರ ಕನ್ನಡದಲ್ಲಿ ದಾಖಲಾಗುತ್ತದೆ. ಜಗತ್ತಿನ ಬೇರೆ ಭಾಷೆಗಳಿಗೂ ಅದು ಹೊಸದು.

ಸುಡಾನ್‌ನ ಪತ್ರಕರ್ತರಿಗೂ ಜಾಗ ಕೊಡಲಿ. ‘ರೇಡಿಯೊ ಡಬಂಗಾ’ 2008ರಿಂದ ನೆದರ್ಲೆಂಡ್ಸ್‌ನಲ್ಲಿ ಕೂತು, ಡಾರ್ಫರ್‌ನೊಳಗಿನ ಜನರಿಂದ ಸುದ್ದಿ ತರಿಸಿ, ಅವರಿಗೇ ಮರಳಿ ಬಿತ್ತರಿಸುತ್ತಿದೆ. ‘ಅಯಿನ್’ ಎಂಬ ಸ್ವತಂತ್ರ ಸಂಸ್ಥೆ ಯುದ್ಧದ ನಡುವೆಯೂ ವಿಡಿಯೊ ವರದಿ ಮಾಡುತ್ತಿದೆ. ಎರಡೂ ಇಂಗ್ಲಿಷ್‌ನಲ್ಲಿಯೂ ಸಿಗುತ್ತವೆ. ಒಪ್ಪಿಗೆ ಪಡೆದು ವಾರಕ್ಕೊಂದು ವರದಿಯನ್ನು ಕನ್ನಡಕ್ಕೆ ತರುವುದು ಯಾವ ಪುರವಣಿಗೂ ಭಾರವಲ್ಲ.

ಮುಅಮ್ಮರ್ ಇಬ್ರಾಹಿಂ ಎಂಬ ಪತ್ರಕರ್ತ ಮುತ್ತಿಗೆಯ ಕಾಲದಲ್ಲಿ ಎಲ್ ಫಾಶರ್‌ನೊಳಗೇ ಉಳಿದು ವರದಿ ಮಾಡಿದವರು. ಊರು ಬಿದ್ದ ದಿನವೇ ಆರ್‌ಎಸ್‌ಎಫ್ ಅವರನ್ನು ಹಿಡಿಯಿತು. ಬಂದೂಕುಧಾರಿಗಳ ನಡುವೆ ಅವರಿರುವ ವಿಡಿಯೊ ಹೊರಬಂತು. ಪತ್ರಕರ್ತರ ರಕ್ಷಣೆಗೆ ದುಡಿಯುವ ಸಂಘಟನೆಗಳು ಅವರ ಬಿಡುಗಡೆಗೆ ಒತ್ತಾಯಿಸಿದವು. ಕನ್ನಡದ ಪತ್ರಕರ್ತರ ಸಂಘಗಳೂ ಆ ಹೆಸರು ಬರೆದು ಒಂದು ಪತ್ರ ಕಳಿಸಲಿ, ನಮ್ಮ ಪತ್ರಿಕೆಗಳು ಆ ಪತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಲಿ.